ಒಂದು ಹೆಸರೂ ತಪ್ಪಿಲ್ಲದ ಪುಸ್ತಕ

ಯತೀಶನಿಗೆ ಬೇಕಾಗಿದ್ದದ್ದು ಕುತ್ತಿಗೆಗೆ ನೇತುಹಾಕಿಕೊಳ್ಳುವ ಒಂದು ಕಾರ್ಡು, ಅಷ್ಟೆ. ಅಂಗೈ ಅಗಲದ್ದು. ಮೇಲೆ 'ಮಾಧ್ಯಮ' ಎಂದು ಕೆಂಪಕ್ಷರ, ಕೆಳಗೆ ಹೆಸರು, ಮೂಲೆಯಲ್ಲೊಂದು ಸೀಲು. ಬುದ್ಧಿ ಬಲಿತ ಮನುಷ್ಯ ಇಂಥದ್ದಕ್ಕೆಲ್ಲ ಆಸೆಪಡುತ್ತಾನಾ ಎಂದು ಕೇಳಬೇಡಿ. ಮಂಡ್ಯದ ಗುತ್ತಲಿನಲ್ಲಿ ಜೆರಾಕ್ಸು ಅಂಗಡಿ ಇಟ್ಟುಕೊಂಡು, ಯಾರ ತಂಟೆಗೂ ಹೋಗದೆ ಬದುಕಿದ್ದ ಮೂವತ್ತನಾಲ್ಕು ವರ್ಷದ ಗೃಹಸ್ಥ ಆಸೆಪಟ್ಟಿದ್ದ. ಪಟ್ಟು ಊಟ ನಿದ್ದೆ ಕೆಡಿಸಿಕೊಂಡಿದ್ದ.

ಅಂಗಡಿ ಹೊಟ್ಟೆಪಾಡಿಗೆ. ಅವನ ಜೀವ ಇದ್ದದ್ದು 'ತೊಡೆತಟ್ಟು' ಎನ್ನುವ ವೆಬ್‌ಸೈಟಿನಲ್ಲಿ. ಆರು ವರ್ಷದ ಹಿಂದೆ ಅವನೂ, ಮಳವಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟರಾಗಿದ್ದ ಗೆಳೆಯ ಅಶೋಕನೂ ಸೇರಿ ಶುರುಮಾಡಿದ್ದು. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಯಾವ ಊರಿನಲ್ಲಿ ಕಬಡ್ಡಿ ನಡೆದರೂ ಇಬ್ಬರಲ್ಲಿ ಒಬ್ಬ ಬೈಕೇರಿ ಹಾಜರು. ಯಾರು ಎಷ್ಟು ಸಲ ರೈಡಿಗೆ ಹೋದರು, ಎಷ್ಟು ಪಾಯಿಂಟು ತಂದರು, ಯಾರು ಯಾರ ಕಾಲು ಹಿಡಿದರು, ಎಲ್ಲವನ್ನೂ ಬರೆದುಕೊಂಡು ಬಂದು ಸೈಟಿಗೆ ಏರಿಸುವುದು. ಪೇಪರಿನವರು ಎರಡು ಸಾಲಿನಲ್ಲಿ ಮುಗಿಸುವ, ಅದರಲ್ಲೂ ಒಂದೂವರೆ ಸಾಲು ಉದ್ಘಾಟಕರ ಹೆಸರಿಗೇ ಹೋಗುವ ಪಂದ್ಯಕ್ಕೆ ಇವರು ಎರಡು ಪುಟ ಬರೆಯುತ್ತಿದ್ದರು.

ಆದರೆ ಬರೆಯಬೇಕಾದರೆ ಮೊದಲು ಕಣ್ಣಿಗೆ ಕಾಣಬೇಕಲ್ಲ. ದೊಡ್ಡ ಪಂದ್ಯಗಳಲ್ಲಿ ಅಂಕಣದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುವ ಭಾಗ್ಯ ಪಾಸಿದ್ದ ಪತ್ರಕರ್ತರಿಗೆ ಮಾತ್ರ. ಯತೀಶ ಹಗ್ಗದ ಆಚೆ, ಜನರ ಹೆಗಲ ಸಂದಿಯಲ್ಲಿ ಕತ್ತು ತೂರಿಸಿ ನೋಡಬೇಕು. ಹೋದ ವರ್ಷ ಮದ್ದೂರಿನಲ್ಲಿ ಒಂದು ಪಾಯಿಂಟು ಯಾರ ಪಾಲಾಯಿತೆಂದು ತಿಳಿಯದೆ, ಸ್ಕೋರು ಬರೆಯುವವರನ್ನು ಕೇಳಿಬರೋಣವೆಂದು ಹಗ್ಗದ ಕೆಳಗೆ ನುಸುಳಿದ. ಸ್ವಯಂಸೇವಕನೊಬ್ಬ ಬಂದು ಕಾಲರು ಹಿಡಿದ. ಯಾವ ಪೇಪರು ಎಂದು ಕೇಳಿದ. ಇವನು ಬಾಯಿ ತೆರೆಯುವ ಮೊದಲೇ, ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಸಂಪತ್ ಕುಮಾರ ಎಂಬ ದಿನಪತ್ರಿಕೆಯ ವರದಿಗಾರ, ಅವನು ಪೇಪರಿನವನಲ್ಲಪ್ಪ, ಅಭಿಮಾನಿ ಸಂಘದವನು, ಆಚೆ ಬಿಡು ಎಂದ. ಕುರ್ಚಿಗಳೆಲ್ಲ ನಕ್ಕವು. ಎರಡು ಸಾವಿರ ಜನರೆದುರು ಯತೀಶನನ್ನು ಕತ್ತಿನ ಪಟ್ಟಿ ಹಿಡಿದು ಹಗ್ಗದ ಆಚೆಗೆ ನೂಕಿದರು. ಆ ನಗು ಅವನ ಕಿವಿಯಿಂದ ಇಳಿದೇ ಇರಲಿಲ್ಲ.

ತೊಡೆತಟ್ಟಿಗೆ ಒಂದು ನೇಮವಿತ್ತು. ನಮ್ಮ ಕಡೆಯ ಊರಾಟಗಳಲ್ಲಿ ಎರವಲು ಆಟಗಾರರು ಮಾಮೂಲು. ಹೆಣ್ಣುಮಕ್ಕಳ ತಂಡವಾದರಂತೂ ಏಳು ಜನರನ್ನು ಹೊಂದಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ನೆಂಟರೂರಿನಿಂದ ಒಬ್ಬಳನ್ನು ಕರೆಸುವುದು, ಸ್ವಂತ ಊರಿನ ಹುಡುಗಿಯ ಹೆಸರನ್ನು ಅವಳಿಗೆ ಅಂಟಿಸುವುದು, ಮೈಕಿನಲ್ಲಿ ಅದನ್ನೇ ಕೂಗುವುದು. ಎದುರು ತಂಡಕ್ಕೂ ಗೊತ್ತು, ರೆಫರಿಗೂ ಗೊತ್ತು. ನಾಳೆ ಅವರೂ ಇದನ್ನೇ ಮಾಡಬೇಕಾದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಯತೀಶನಿಗೆ ಮಾತ್ರ ಬೆವರು ಒಬ್ಬಳದು, ಹೆಸರು ಇನ್ನೊಬ್ಬಳದು ಎಂದರೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ ಪ್ರತಿ ವರದಿಯ ಕೊನೆಗೆ ಒಂದು ಸಾಲು ಹಾಕುತ್ತಿದ್ದ: 'ಮೈಕಿನಲ್ಲಿ ಕೂಗಿದ ಹೆಸರು ಇಂಥದ್ದು, ಆಡಿದವರು ಇಂಥವರು.' ಓದುಗರು ಮೊದಲು ಇಳಿಯುತ್ತಿದ್ದದ್ದು ಆ ಸಾಲಿಗೇ.

ಆ ಸಾಲಿನಲ್ಲಿ ಹೆಚ್ಚು ಸಲ ಬಂದ ಹೆಸರು ಕೊತ್ತತ್ತಿಯ ಗಗನಳದು. ಹದಿನೈದು ವರ್ಷದವಳಿದ್ದಾಗ ಶಾಲೆಯ ಮೈದಾನದಲ್ಲಿ ಅವಳ ಆಟ ನೋಡಿ ಯತೀಶ ಬೈಕಿನ ಮೇಲೆ ಕೂತಲ್ಲೇ ಕೂತಿದ್ದ. ನಾಲ್ಕು ಜನ ಮೈಮೇಲೆ ಬಿದ್ದರೂ ನಡುಗೆರೆಗೆ ಕೈ ತಾಗಿಸಿ ಎದ್ದುಬಂದ ಹುಡುಗಿ. ಸೈಟಿನ ಮೊದಲ ವರದಿಯೇ ಅವಳ ಮೇಲಿನದು. ಈಗ ಅವಳಿಗೆ ಇಪ್ಪತ್ತೊಂದು. ಕಾವೇರಿ ಸೀಮೆ ಕಬಡ್ಡಿ ಮಂಡಳಿಯ ಶಿಬಿರದಲ್ಲಿ ತರಬೇತಿ ಪಡೆದು, ಮಂಡ್ಯದಲ್ಲಿ ಜನವರಿಯಲ್ಲಿ ನಡೆಯಲಿದ್ದ ಅಂತರಜಿಲ್ಲಾ ಪಂದ್ಯಾವಳಿಗೆ ಜಿಲ್ಲೆಯ ತಂಡ ಸೇರಿದ್ದಳು. ಅಲ್ಲಿ ಚೆನ್ನಾಗಿ ಆಡಿದವರಿಂದ ರಾಜ್ಯ ತಂಡ ಆರಿಸುತ್ತಾರೆ. ರಾಜ್ಯ ತಂಡದ ಪ್ರಮಾಣಪತ್ರ ಕೈಗೆ ಬಂದರೆ ಕ್ರೀಡಾ ಕೋಟಾದ ನೌಕರಿಗೆ ದಾರಿ. ಅವಳ ಅಪ್ಪ ಸಿದ್ದರಾಜು ಕೆಟ್ಟವನಲ್ಲ, ಆದರೆ ಆಡಿದ ಮಾತು ತಿರುಗಿಸುವವನಲ್ಲ. ಇದೊಂದು ವರ್ಷ ನೋಡುತ್ತೇನೆ, ಆಗದಿದ್ದರೆ ಮದ್ದೂರಿನ ಸಂಬಂಧಕ್ಕೆ ಹೂಂ ಎನ್ನುತ್ತೇನೆ, ಮದುವೆಯಾದ ಮೇಲೆ ಚಡ್ಡಿ ಹಾಕಿಕೊಂಡು ಬಯಲಿಗಿಳಿಯುವ ಮಾತಿಲ್ಲ ಎಂದಿದ್ದ. ಗಗನಳ ಬದುಕೆಲ್ಲ ಆ ಜನವರಿಯ ಮೂರು ದಿನದ ಮೇಲೆ ನಿಂತಿತ್ತು. ಇದು ಯತೀಶನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ನೆನಪಿಟ್ಟುಕೊಳ್ಳಿ.

ಡಿಸೆಂಬರಿನಲ್ಲಿ ಮಂಡಳಿಯ ಪ್ರಕಟಣೆ ಬಂತು. ಈ ಸಲ ವೆಬ್‌ಸೈಟಿನವರೂ ಮಾಧ್ಯಮ ಪಾಸಿಗೆ ಅರ್ಜಿ ಹಾಕಬಹುದು, ಎರಡು ವರ್ಷದ ಕೆಲಸಕ್ಕೆ ಪುರಾವೆ ಲಗತ್ತಿಸಬೇಕು. ಯತೀಶ ಓದಿದವನೇ ಅಂಗಡಿಯ ಬಾಗಿಲು ಅರ್ಧ ಎಳೆದು ಪ್ರಿಂಟರ್ ಮುಂದೆ ಕೂತ. ಎರಡು ವರ್ಷದ್ದು ಯಾಕೆ, ಆರು ವರ್ಷದ್ದೂ ಇರಲಿ ಎಂದು ಒಂದೊಂದೇ ವರದಿ ಹೊರತೆಗೆದ. ನಾನೂರ ಹನ್ನೆರಡು ಪುಟವಾಯಿತು. ಅಶೋಕ ಫೋನಿನಲ್ಲಿ, ಒಳ್ಳೆಯವು ಹತ್ತು ಪುಟ ಆರಿಸಿ ಕೊಡು ಸಾಕು, ಅಷ್ಟನ್ನೆಲ್ಲ ಯಾರು ಓದುತ್ತಾರೆ ಎಂದ.

"ಅತ್ತು ಪುಟ ಕೊಟ್ರೆ ಅತ್ತು ಪುಟದ ಮರ್ವಾದೆನೇ ಕಣ್ಲಾ ಸಿಗದು," ಎಂದ ಯತೀಶ.

ಸ್ಪೈರಲ್ ಹಾಕಿ, ದಪ್ಪ ಹೊದಿಕೆ ಕೊಟ್ಟು, ಹೊದಿಕೆಯ ಮೇಲೆ ಸೈಟಿನ ಹೆಸರು ಬರೆದು, ಎದೆಗವಚಿಕೊಂಡು ಹೋಗಿ ಮಂಡಳಿಯ ಕಾರ್ಯದರ್ಶಿ ಕೃಷ್ಣಪ್ರಸಾದರ ಮೇಜಿನ ಮೇಲಿಟ್ಟ. ಕೊಡುವ ಮೊದಲು ಒಮ್ಮೆ ತಿರುವಿ ನೋಡಬಹುದಿತ್ತು. ನೋಡಲಿಲ್ಲ. ಪ್ರತಿಯೊಂದೂ ತಾನೇ ತಿದ್ದಿದ್ದು, ಅದರಲ್ಲಿ ನೋಡುವುದೇನಿದೆ ಎನ್ನುವ ಧಿಮಾಕು.

ಹತ್ತು ದಿನದ ಮೇಲೆ ಕರೆ ಬಂತು. ಯತೀಶ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಕೃಷ್ಣಪ್ರಸಾದ್ ಮೇಷ್ಟರಾಗಿ ನಿವೃತ್ತರಾದವರು, ಸಾವಧಾನದ ಮನುಷ್ಯ. ಪುಸ್ತಕವನ್ನು ಮನಸಾರೆ ಹೊಗಳಿದರು. ಕಬಡ್ಡಿಗೆ ಇಂಥ ಕೆಲಸ ಯಾರೂ ಮಾಡಿಲ್ಲ ಎಂದರು. ಯತೀಶನಿಗೆ ಕಣ್ಣು ತುಂಬಿಬಂತು. ಆಮೇಲೆ ಅವರು ಕಾಗದದ ಚೂರು ಸಿಕ್ಕಿಸಿದ್ದ ಒಂದು ಪುಟ ತೆಗೆದು ಇವನ ಕಡೆ ತಿರುಗಿಸಿದರು. ಇನ್ನೂರ ಎಂಬತ್ತೇಳನೆಯ ಪುಟ.

ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಪಂದ್ಯ, ನವೆಂಬರ್ ತಿಂಗಳದು. ಕೊನೆಯ ಸಾಲು ಹೀಗಿತ್ತು: 'ಮೈಕಿನಲ್ಲಿ ಕೂಗಿದ ಹೆಸರು ಮೋಹಿನಿ. ಹದಿನಾಲ್ಕು ಪಾಯಿಂಟು ತಂದು ಪಂದ್ಯ ಗೆಲ್ಲಿಸಿದವರು ಕೊತ್ತತ್ತಿಯ ಗಗನ.'

ಆ ವಾರ ಗಗನ ಮಂಡಳಿಯ ಶಿಬಿರದಲ್ಲಿರಬೇಕಿತ್ತು. ಜ್ವರವೆಂದು ಎರಡು ದಿನ ರಜೆ ಪಡೆದಿದ್ದಳು. ಶಿಬಿರದಲ್ಲಿದ್ದವರು ಹೊರಗಿನ ಪಂದ್ಯ ಆಡಬಾರದು, ಬೇರೆಯವರ ಹೆಸರಿನಲ್ಲಂತೂ ಆಡಲೇಬಾರದು, ಆಡಿದರೆ ಎರಡು ವರ್ಷ ನಿಷೇಧ ಎಂದು ನಿಯಮವಿತ್ತು. ಮಂಡಳಿಯ ಸದಸ್ಯ ಜಯಪ್ರಕಾಶನ ಅಕ್ಕನ ಮಗಳು ಹೆಚ್ಚುವರಿ ಆಟಗಾರ್ತಿಯರ ಪಟ್ಟಿಯಲ್ಲಿ ಮೊದಲನೆಯವಳು. ಒಬ್ಬಳು ಹೋದರೆ ಒಳಕ್ಕೆ ಬರುವವಳು ಅವಳೇ. ಯಾರೂ ಓದುವುದಿಲ್ಲ ಎಂದು ಅಶೋಕ ಹೇಳಿದ ನಾನೂರ ಹನ್ನೆರಡು ಪುಟವನ್ನು ಜಯಪ್ರಕಾಶ ಮನೆಗೆ ಒಯ್ದು ಸಾಲುಸಾಲು ಓದಿದ್ದ.

ಕೃಷ್ಣಪ್ರಸಾದ್ ಮುಚ್ಚುಮರೆಯಿಲ್ಲದೆ ಹೇಳಿದರು. ಆ ಊರಿನ ಸ್ಕೋರು ಹಾಳೆಯಲ್ಲಿ ಮೋಹಿನಿ ಎಂದೇ ಇದೆ. ಊರಿನವರು ಯಾರನ್ನು ಕೇಳಿದರೂ ಮೋಹಿನಿ ಎಂದೇ ಹೇಳುತ್ತಾರೆ. ನಿಮ್ಮ ವರದಿಯ ಜೊತೆಗಿನ ಫೋಟೋದಲ್ಲಿ ಮುಖ ಕಾಣುವುದಿಲ್ಲ. ಇರುವ ಪುರಾವೆ ಈ ಒಂದು ಸಾಲು. ಗುರುವಾರ ವಿಚಾರಣೆ, ಬಂದು ಇದು ಸರಿಯೋ ತಪ್ಪೋ ಹೇಳಿ. ತಪ್ಪು ಎಂದರೆ ವಿಷಯ ಅಲ್ಲಿಗೆ ಮುಗಿಯಿತು. ಅಲ್ಲಿಯವರೆಗೆ ಸೈಟಿನಲ್ಲಿ ಏನನ್ನೂ ತಿದ್ದಬೇಡಿ.

"ತಪ್ಪು ಅಂದ್ರೆ ನಮ್ ಪಾಸು ಏನಾಯ್ತದೆ ಸಾರ್?" ಎಂದು ಯತೀಶ ಕೇಳಿಬಿಟ್ಟ. ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು.

"ಆಟಗಾರರ ಹೆಸರನ್ನೇ ತಪ್ಪು ಬರೆಯೋರಿಗೆ ಪಾಸು ಹೇಗೆ ಕೊಡೋದು, ನೀವೇ ಹೇಳಿ," ಎಂದರು ಕೃಷ್ಣಪ್ರಸಾದ್. ಬೆದರಿಕೆಯಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಯತೀಶ ಅಲ್ಲಿಂದ ನೆಟ್ಟಗೆ ಕೊತ್ತತ್ತಿಗೆ ಹೋದ. ಗಗನ ನಾಲೆಯ ಆಚೆ, ಕೊಯ್ಲಾದ ಗದ್ದೆ ಸಮ ಮಾಡಿಕೊಂಡು ಗೆರೆ ಎಳೆದು, ಒಬ್ಬಳೇ ಅಭ್ಯಾಸ ಮಾಡುತ್ತಿದ್ದಳು. ಹಿಂದಕ್ಕೆ ಹಾರುವುದು, ತಿರುಗುವುದು, ಗೆರೆ ಮುಟ್ಟುವುದು. ಇವನ ಮುಖ ನೋಡಿದ ಕೂಡಲೇ ನಿಂತಳು. ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ. ಬೈಯುತ್ತಾಳೆ ಎಂದುಕೊಂಡಿದ್ದ, ಬೈದಿದ್ದರೆ ಚೆನ್ನಾಗಿತ್ತು. ಅವಳು ಬದುವಿನ ಮೇಲೆ ಕೂತು ಕಾಲಿನ ಮಣ್ಣು ಉಜ್ಜಿಕೊಳ್ಳುತ್ತ, ಆ ಪಂದ್ಯಕ್ಕೆ ಹೋಗಿದ್ದು ಯಾಕೆಂದು ಹೇಳಿದಳು. ಅದು ಅವಳಕ್ಕ ರೂಪಳನ್ನು ಕೊಟ್ಟ ಊರು. ತಂಡಕ್ಕೆ ಒಬ್ಬಳು ಕಡಿಮೆ ಬಿದ್ದು, ಭಾವ ಖುದ್ದು ಮನೆಗೆ ಬಂದು ಕೂತಿದ್ದ. ಅಕ್ಕನನ್ನು ಕೊಟ್ಟ ಮನೆಯವರು ಬಾಗಿಲಿಗೆ ಬಂದು ಕೇಳಿದಾಗ ಆಗುವುದಿಲ್ಲ ಎನ್ನುವುದು ಹೇಗೆ? ಇನ್ನೊಂದು ಹೊತ್ತಿಗೆ ಅದು ಅಕ್ಕನ ತಲೆಗೇ ಬರುತ್ತದೆ. ಅವ್ವ ಮಂಗಳಮ್ಮನೇ, ಒಂದು ದಿನದ ಆಟ ತಾನೇ ಹೋಗಿಬಾ ಎಂದಿದ್ದಳು.

ಅದು ತನಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ ಎನ್ನುವುದು ಯತೀಶನಿಗೆ ಆಗ ಹೊಳೆಯಿತು. ಪಂದ್ಯದ ದಿನ ಅವನೂ ಅಲ್ಲಿದ್ದ. ರೂಪಳ ಮನೆಯಲ್ಲೇ ಮುದ್ದೆ ಉಂಡಿದ್ದ. ಬರೆಯುವ ಮೊದಲು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು.

"ನಾನು ಬರೀಬಾರದಾಗಿತ್ತು ಕಣವ್ವ," ಎಂದ.

"ಬೇಜಾರ್ ಮಾಡ್ಕಬ್ಯಾಡಣ್ಣ. ಅವತ್ತು ಮೈಕಲ್ಲಿ ಆಟೊತ್ತೂ ಮೋಹಿನಿ ಮೋಹಿನಿ ಅಂತಿದ್ರು. ನೀನೊಬ್ನೇ ನನ್ನೆಸ್ರು ಬರ್ದಿದ್ದೆ. ನಾನೇ ಎಲ್ರಿಗೂ ತೋರಿಸ್ಕಂಡ್ ಓಡಾಡಿದೀನಿ." ಅವಳು ಅಂಗೈಯ ಮಣ್ಣು ಕೊಡವಿಕೊಂಡಳು. "ಈಗ ತಪ್ಪಾಗಿ ಬರ್ದಿದೀನಿ ಅಂತ ಏಳ್ಬುಡು. ಒಂದೇ ಮಾತು. ನಿನ್ ಪಾಸು ಮುಂದಿನ್ ವರ್ಸಾನೂ ಸಿಗ್ತದೆ. ನಂಗೆ ಮುಂದಿನ್ ವರ್ಸ ಇಲ್ಲ ಕಣಣ್ಣ."

ಯತೀಶ ಅವಳ ತಲೆಯ ಮೇಲೆ ಕೈಯಿಟ್ಟು, ಹೇಳುತ್ತೇನೆ ಎಂದು ಆಣೆ ಮಾಡಿದ. ಆ ಕ್ಷಣಕ್ಕೆ ಅವನು ನೂರಕ್ಕೆ ನೂರು ನಿಜವನ್ನೇ ಹೇಳಿದ್ದ. ದಾರಿಯುದ್ದಕ್ಕೂ ಬೈಕಿನ ಮೇಲೆ, 'ತಪ್ಪಾಗಿದೆ ಸಾರ್, ಕತ್ತಲಲ್ಲಿ ಗುರುತು ಸಿಗಲಿಲ್ಲ' ಎನ್ನುವುದನ್ನು ಬಾಯಿಪಾಠ ಮಾಡಿಕೊಂಡು ಬಂದ.

ಗುರುವಾರ ಮಂಡಳಿಯ ಕೋಣೆಯಲ್ಲಿ ಮೇಜಿನ ಆಚೆ ಕೃಷ್ಣಪ್ರಸಾದ್, ಪಕ್ಕದಲ್ಲಿ ಜಯಪ್ರಕಾಶ. ಈಚೆ ಕೊನೆಯಲ್ಲಿ ಸಂಪತ್ ಕುಮಾರ. ಪಾಸುಗಳ ಉಸ್ತುವಾರಿಗೆ ಪತ್ರಕರ್ತರ ಪರವಾಗಿ ಅವನನ್ನು ಸೇರಿಸಿಕೊಂಡಿದ್ದರಂತೆ. ಅವನನ್ನು ನೋಡಿದ್ದೇ ಯತೀಶನ ಬಾಯಿಪಾಠದಲ್ಲಿ ಅರ್ಧ ಮರೆತುಹೋಯಿತು. ಗಗನ ಹೊರಗಿನ ಬೆಂಚಿನ ಮೇಲೆ ಅಪ್ಪನ ಜೊತೆ ಕೂತಿದ್ದಳು. ಬಾಗಿಲು ತೆರೆದೇ ಇತ್ತು.

ಕೃಷ್ಣಪ್ರಸಾದ್ ಆ ಸಾಲನ್ನು ಗಟ್ಟಿಯಾಗಿ ಓದಿ, ಇದು ಸರಿಯೇ ಎಂದು ಕೇಳಿದರು. ಯತೀಶ, ತಪ್ಪಾಗಿರಬಹುದು ಸಾರ್, ಬೆಳಕು ಸಾಲದಾಗಿತ್ತು ಎಂದ. ಜಯಪ್ರಕಾಶ ಏನೋ ಕೇಳಲು ಹೋದ. ಕೃಷ್ಣಪ್ರಸಾದ್ ಕೈಯೆತ್ತಿ ಅವನನ್ನು ತಡೆದು, ಪೆನ್ನಿನ ಟೋಪಿ ತೆಗೆದರು. ಮುಗಿದೇಹೋಗಿತ್ತು. ಇನ್ನೊಂದು ಅರೆಗಳಿಗೆ ಯಾರೂ ಬಾಯಿ ಬಿಡದಿದ್ದರೆ ಎಲ್ಲರೂ ಎದ್ದು ಮನೆಗೆ ಹೋಗುತ್ತಿದ್ದರು.

ಸಂಪತ್ ಕುಮಾರ ನಕ್ಕ. ಅದೇ ಮದ್ದೂರಿನ ನಗು. ಪುಸ್ತಕವನ್ನು ಬೆರಳ ತುದಿಯಿಂದ ತಳ್ಳಿ, ನಾನು ಮೂರು ವರ್ಷದಿಂದ ಹೇಳ್ತಿರೋದು ಇದನ್ನೇ, ಇವರೆಲ್ಲ ಹಗ್ಗದಾಚೆ ನಿಂತು ಕಿವಿಗೆ ಬಿದ್ದದ್ದನ್ನ ಗೀಚೋರು, ಇದು ಬೋಂಡ ಕಟ್ಟೋಕೆ ಲಾಯಕ್ಕು ಎಂದ.

ಯತೀಶನಿಗೆ ಅಂಗಾಲಿನಿಂದ ನೆತ್ತಿಗೆ ಬೆಂಕಿ ಏರಿದಂತಾಯಿತು. ಆರು ವರ್ಷ. ಮಳೆಯಲ್ಲಿ ನೆನೆದು, ಹೆಂಡತಿಯ ಹತ್ತಿರ ಬೈಸಿಕೊಂಡು, ಅಪ್ಪನ ತಿಥಿಯ ದಿನವೂ ಕೆರಗೋಡಿಗೆ ಓಡಿಹೋಗಿ ಬರೆದದ್ದು. ಅವನು ಮೇಜಿನ ಮೇಲೆ ಅಂಗೈ ಅಪ್ಪಳಿಸಿ ಹೇಳಿದ:

"ಈ ಪುಸ್ತಕದಲ್ಲಿ ಒಂದೇ ಒಂದು ಎಸ್ರು ತಪ್ಪಿದ್ರೆ ನನ್ ಕೈ ಕಡೀರಿ."

ತಾನು ಏನು ಹೇಳಿದೆ ಎಂದು ಗೊತ್ತಾಗಲು ಅವನಿಗೆ ಎರಡು ಉಸಿರು ಬೇಕಾಯಿತು. ಅದೊಂದು ಬಿಟ್ಟು ಸಾರ್, ಅದೊಂದು ಮಾತ್ರ, ಎಂದು ತೊದಲಿದ. ಜಯಪ್ರಕಾಶ, ಒಂದೂ ತಪ್ಪಿಲ್ಲ ಎಂದು ಹೇಳಿದ್ದನ್ನು ಬರೆದುಕೊಳ್ಳಿ ಎಂದ. ಕೃಷ್ಣಪ್ರಸಾದ್ ಬಹಳ ಹೊತ್ತು ಇವನ ಮುಖವನ್ನೇ ನೋಡಿದರು. ಇನ್ನೊಂದು ಅವಕಾಶ ಕೊಟ್ಟರು ಎಂದೇ ಹೇಳಬೇಕು. ಹಾಗಾದರೆ ಪುಸ್ತಕ ಸರಿಯೋ ತಪ್ಪೋ, ಒಂದೇ ಮಾತಿನಲ್ಲಿ ಹೇಳಿ ಎಂದರು. ಯತೀಶ ಬಾಗಿಲ ಕಡೆ ನೋಡಲಿಲ್ಲ. ಸಂಪತ್ ಕುಮಾರನ ತುಟಿಯ ಮೇಲೆ ನಗು ಇನ್ನೂ ಇತ್ತು, ಅದನ್ನು ನೋಡಿದ.

"ಸರಿ," ಎಂದ. ತೋರಿಸಿದ ಕಡೆ ಸಹಿಯನ್ನೂ ಹಾಕಿದ.

ಹೊರಗೆ ಬಂದಾಗ ಬೆಂಚು ಖಾಲಿಯಾಗಿತ್ತು.

ಪಾಸು ಮೂರನೆಯ ದಿನ ಅಂಗಡಿಗೇ ಬಂತು. ಕೆಂಪಕ್ಷರ, ಹೆಸರು, ಸೀಲು, ಎಲ್ಲ ಅವನು ಅಂದುಕೊಂಡಿದ್ದ ಹಾಗೇ ಇತ್ತು. ಅದರ ಜೊತೆಗೇ ಮಂಡಳಿಯ ಪತ್ರಿಕಾ ಪ್ರಕಟಣೆ: ಕೊತ್ತತ್ತಿಯ ಗಗನ ಅವರಿಗೆ ಎರಡು ವರ್ಷ ನಿಷೇಧ, ತೊಡೆತಟ್ಟು ಜಾಲತಾಣದ ದಾಖಲೆ ಹಾಗೂ ಸಂಪಾದಕರ ಹೇಳಿಕೆಯ ಆಧಾರದ ಮೇಲೆ. ಅಶೋಕ ಅದನ್ನು ಓದಿ ಫೋನು ಮಾಡಿದ. ನಿನ್ನ ಸೈಟು ನೀನೇ ಇಟ್ಟುಕೋ ಕಣ್ಲಾ ಎಂದ. ಫೋನು ಇಟ್ಟುಬಿಟ್ಟ.

ಪಂದ್ಯಾವಳಿಯ ಮೊದಲ ದಿನ ಯತೀಶ ಹಗ್ಗದ ಈಚೆಗಿನ ಕುರ್ಚಿಯಲ್ಲಿ ಕೂತ. ಸ್ವಯಂಸೇವಕರು ಕಾಫಿ ತಂದುಕೊಟ್ಟರು. ಪಕ್ಕದಲ್ಲಿ ಕೂತ ಸಂಪತ್ ಕುಮಾರ ಬಗ್ಗಿ, ಆ ಏಳನೇ ನಂಬರಿನ ಹುಡುಗಿ ಯಾರು ಎಂದು ಮೆಲ್ಲಗೆ ಕೇಳಿದ. ಈಗ ಮಾತಿನಲ್ಲಿ ಗೌರವವಿತ್ತು. ಅವಳು ಜಯಪ್ರಕಾಶನ ಅಕ್ಕನ ಮಗಳು. ಒಳ್ಳೆಯ ಹುಡುಗಿಯೇ, ಅವಳ ತಪ್ಪೇನಿಲ್ಲ. ಆದರೆ ಕಾಲು ಹಿಡಿದರೆ ಎದ್ದುಬರುವ ಕಸುವಿರಲಿಲ್ಲ. ಮಂಡ್ಯ ಸೋತಿತು. ಎಲ್ಲ ಎಷ್ಟು ಚೆನ್ನಾಗಿ ಕಾಣುತ್ತದೆ ಇಲ್ಲಿಂದ ಎಂದು ಯತೀಶನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೆ ಹೇಸಿಗೆಯಾಯಿತು.

ಎರಡನೆಯ ದಿನ ಬೆಳಿಗ್ಗೆ ಅವನು ಮೈದಾನಕ್ಕೆ ಹೊರಡುತ್ತಿದ್ದಾಗ ಗಗನ ಅಂಗಡಿಗೆ ಬಂದಳು. ಸೀರೆ ಉಟ್ಟಿದ್ದಳು. ಅವಳನ್ನು ಸೀರೆಯಲ್ಲಿ ಅವನು ನೋಡಿದ್ದು ಅದೇ ಮೊದಲು. ಅವನ ಕುತ್ತಿಗೆಯಲ್ಲಿದ್ದ ಕಾರ್ಡನ್ನು ಓದಿದಳು. ಅವನು ಕಾರ್ಡು ತೆಗೆಯಲು ಹೋಗಿ, ತೆಗೆದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆಂದು ಕೈ ಬಿಟ್ಟ. ಮದ್ದೂರಿನವರು ಬಂದು ನೋಡಿಕೊಂಡು ಹೋದರಂತೆ. ಅಪ್ಪ ಮಾತು ಕೊಟ್ಟಾಗಿದೆ. ಆದರೆ ಹುಡುಗನ ತಮ್ಮ ಫೋನಿನಲ್ಲಿ ಅವಳ ಹೆಸರು ಹಾಕಿ ಹುಡುಕಿ, ಸುಳ್ಳು ಹೆಸರು ಹೇಳಿಕೊಂಡು ಊರೂರು ತಿರುಗಿದವಳು ಇವಳೇನಾ ಎಂದು ಕೇಳಿದನಂತೆ.

"ನನ್ನೆಸ್ರು ಎಲ್ಲೆಲ್ಲವೋ ಎಲ್ಲ ತೆಗ್ದುಬುಡಣ್ಣ," ಎಂದಳು.

"ಎಲ್ಲಾನುವಾ?"

"ಮೊದಲ್ನೇದ್ರಿಂದ್ಲೂವೆ."

ಅವನು ತಲೆ ತಗ್ಗಿಸಿಕೊಂಡು, ನೀನು ಹೋಗವ್ವ, ಸಂಜೆಯೊಳಗೆ ತೆಗೆದಿರುತ್ತೇನೆ, ಆಣೆ ಎಂದ. ಗಗನ ಸ್ಟೂಲು ಎಳೆದುಕೊಂಡು ಅವನ ಪಕ್ಕದಲ್ಲಿ, ಕಂಪ್ಯೂಟರಿನ ಪರದೆ ಕಾಣುವ ಹಾಗೆ ಕೂತಳು.

"ಇಲ್ಲ. ತೆಗ್ಯದ್ ನೋಡ್ಕಂಡೇ ಓಯ್ತೀನಿ."

ನಲವತ್ತಮೂರು ಪಂದ್ಯ. ಒಂದೊಂದನ್ನೇ ತೆರೆದು ಅಳಿಸುತ್ತ ಹೋದ. ಶಾಲೆಯ ಮೈದಾನದ್ದು ಹೋಯಿತು. ಕೆರಗೋಡಿನದು ಹೋಯಿತು. ಅವಳು ಆರಂಭದಲ್ಲಿ ಒಂದೆರಡು ಸಾಲು ಓದುತ್ತಿದ್ದವಳು ಆಮೇಲೆ ಓದುವುದನ್ನು ಬಿಟ್ಟು ಅವನ ಬೆರಳನ್ನೇ ನೋಡುತ್ತಿದ್ದಳು. ಜೆರಾಕ್ಸಿಗೆ ಬಂದ ಇಬ್ಬರು ಮೂವರನ್ನು ಅವನು ಹಾಗೇ ಕಳಿಸಿದ. ಮೈದಾನದಲ್ಲಿ ಪಂದ್ಯ ಶುರುವಾಗುವ ಹೊತ್ತು ಮೀರಿತು.

ಕೊನೆಗೆ ಉಳಿದದ್ದು ಮಳವಳ್ಳಿಯದು. ಅದನ್ನು ಪೂರ್ತಿ ಅಳಿಸುವಂತಿರಲಿಲ್ಲ. ಅಕ್ಕನ ಊರಿನ ಹುಡುಗಿಯರೆಲ್ಲ ಅದರಲ್ಲಿದ್ದರು, ಅವರು ಗೆದ್ದ ಒಂದೇ ಪಂದ್ಯ ಅದು. ಅವರದ್ದು ಇರಲಿ ಬಿಡು ಎಂದಳು ಗಗನ. ಯತೀಶ ಕೊನೆಯ ಸಾಲನ್ನು ತೆಗೆದ. ಮೇಲೆ ಗಗನ ಎಂದಿದ್ದಲ್ಲೆಲ್ಲ ಗಗನಳನ್ನು ಅಳಿಸಿ ಮೋಹಿನಿ ಎಂದು ಬರೆದ. ಆರು ವರ್ಷದಲ್ಲಿ ಅವನು ಗೊತ್ತಿದ್ದೂ ಬರೆದ ಮೊದಲ ಸುಳ್ಳು. ಅದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಗಗನ ಪರದೆಯನ್ನು ಒಮ್ಮೆ ಓದಿದಳು.

"ಇಷ್ಟೇನಾ ಅಣ್ಣ ಕೆಲ್ಸ?" ಎಂದಳು.

ಉತ್ತರಕ್ಕೆ ಕಾಯದೆ ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದು, ಸ್ಟೂಲನ್ನು ಇದ್ದ ಜಾಗಕ್ಕೆ ತಳ್ಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.